ಬಾಲಿಕೆಯರಿಗೆ ನಾಗರಿಕ ಹಕ್ಕುಗಳ ಪಾಠ

ಹೈಸ್ಕೂಲಿನಲ್ಲಿ ಓದುವ ಹುಡುಗಿಗೆ ಹಕ್ಕುಗಳ ವಿಚಾರವೇತಕ್ಕೆ, ಗಣಿತವನ್ನೂ ವಿಜ್ಞಾನವನ್ನೂ ಚೆನ್ನಾಗಿ ಕಲಿತರೆ ಸಾಲದೆ, ಎಂದು ಕೇಳುವ ತಂದೆತಾಯಿಗಳು ನಮ್ಮಲ್ಲಿ ಅನೇಕರುಂಟು. ಈ ಪ್ರಶ್ನೆಯು ಅನಾದರದಿಂದ ಹುಟ್ಟಿದುದಲ್ಲ. ಹಕ್ಕಿನ ಮಾತು ಕಲಿತ ಮಗಳು ಮನೆಯಲ್ಲಿ ಎದುರು ನುಡಿಯುವಳೆಂಬ ಅಂಜಿಕೆಯು ಅದರ ಹಿಂದೆ ಇರುವುದು. ಆದುದರಿಂದ ಮರ್ಯಾದೆಯಿಂದಲೇ ಅದಕ್ಕೆ ಉತ್ತರ ಹೇಳಬೇಕೆಂದು ಈ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯುತ್ತೇವೆ.

ಈ ಸೀಮೆಗೆ ಹಕ್ಕೆಂಬುದು ತಡವಾಗಿ ಬಂದ ವಸ್ತು. ರಾಯಚೂರು ಜಿಲ್ಲೆಯು 1948ರ ಸಪ್ಟೆಂಬರಿನವರೆಗೆ ನಿಜಾಮರ ಆಳಿಕೆಗೆ ಒಳಪಟ್ಟಿದ್ದಿತು. ಸಭೆ ಕೂಡಬೇಕಾದರೆ ಮೊದಲು ಸರಕಾರದ ಅಪ್ಪಣೆ ಪಡೆಯಬೇಕೆಂಬ ‘ಗಸ್ತಿ 53’ರ ಕಾಲವದು. ಮನೆಮಾತು ಕನ್ನಡವಾದರೂ ಮೇಲಿನ ತರಗತಿಗಳ ಪಾಠವು ಉರ್ದುವಿನಲ್ಲಿ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದುದು ಅಂಥ ದಿನಗಳಲ್ಲಿ. ನಮ್ಮ ಅಜ್ಜಿಯರಿಗೆ ಸಭೆಯೆಂದರೆ ಗಂಡಸರದು, ಅದೂ ಅಪ್ಪಣೆ ಸಿಕ್ಕಿದರೆ! 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಆ ಬಳಿಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದು 2011ರ ಜನಗಣತಿಯಾದಾಗಲೂ ಜಿಲ್ಲೆಯ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ 50ನ್ನು ಮುಟ್ಟಿರಲಿಲ್ಲ.

ಈಗಿನ ಕಾಯಿದೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಒಂದು ಸಂಗತಿಯು ಕಣ್ಣಿಗೆ ಬೀಳುವುದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವಯಸ್ಸಿನವರೆಗೆ ಮಾತ್ರ ಕಡ್ಡಾಯ ಶಿಕ್ಷಣವನ್ನು ಕೊಡುತ್ತದೆ. ಬಾಲಕಾರ್ಮಿಕರ ಕಾಯಿದೆಯು 2016ರಲ್ಲಿ ತಿದ್ದುಪಡಿಯಾದ ಮೇಲೆಯೂ, ಹದಿನಾಲ್ಕು ದಾಟಿದವರನ್ನು ಅಪಾಯಕರವೆಂದು ಹೇಳಿದ ಕೆಲಸಗಳಿಂದ ಮಾತ್ರವೇ ತಡೆಯುತ್ತದೆ. ವಿವಾಹಕ್ಕೆ ಹದಿನೆಂಟು ತುಂಬಬೇಕು. ಹೀಗೆ ಹದಿನಾಲ್ಕಕ್ಕೂ ಹದಿನೆಂಟಕ್ಕೂ ನಡುವೆ ನಾಲ್ಕು ವರ್ಷಗಳ ಒಂದು ಓಣಿಯು ಉಳಿಯುವುದು. ಶಾಲೆಗೆ ಬಾ ಎಂದು ಹಟ ಹಿಡಿಯುವ ಕಾಯಿದೆ ಅಲ್ಲಿಲ್ಲ. ಹತ್ತಿ ಬಿಡಿಸಲು ಬಾ ಎಂದು ಕರೆಯುವ ಹೊಲಗಳು ಸಾಲುಸಾಲಾಗಿವೆ. ಒಂಬತ್ತನೆಯ ಮತ್ತು ಹತ್ತನೆಯ ತರಗತಿಗಳು ಸರಿಯಾಗಿ ಈ ಓಣಿಯಲ್ಲಿಯೇ ಇರುವುವು. ದಸರೆ ಕಳೆದು ಹತ್ತಿಯು ಅರಳಿದೊಡನೆ ಹಾಜರಿಯ ಪುಸ್ತಕದಲ್ಲಿ ಯಾವ ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಬೀಳುವುದೆಂಬುದನ್ನು ಈ ಕಡೆಯ ಯಾವ ಉಪಾಧ್ಯಾಯಿನಿಯನ್ನಾದರೂ ಕೇಳಬಹುದು. ಆ ಗುರುತು ಮದುವೆಯ ಸುದ್ದಿಯಾಗುವುದಕ್ಕೆ ಬಹಳ ತಿಂಗಳು ಬೇಕಾಗುವುದಿಲ್ಲ.

ಆದುದರಿಂದಲೇ ಹಕ್ಕಿನ ಪಾಠವು ಈ ವಯಸ್ಸಿಗೆ ಅವಶ್ಯವೆನ್ನುತ್ತೇವೆ. ಕರ್ನಾಟಕದಲ್ಲಿ ಬಾಲ್ಯವಿವಾಹವು ಅಪರಾಧವಷ್ಟೇ ಅಲ್ಲ, 2016ರ ರಾಜ್ಯ ತಿದ್ದುಪಡಿಯ ಪ್ರಕಾರ ಮೊದಲಿನಿಂದಲೇ ಅಸಿಂಧು. ಇದನ್ನು ಬಲ್ಲ ಹುಡುಗಿಯು ‘ಅಪ್ಪಾ, ಇನ್ನೆರಡು ವರ್ಷ ಓದಿಸು’ ಎಂದರೆ ಅದು ಎದುರು ನುಡಿಯಲ್ಲ. ಓದಿಗೆ ಲೌಕಿಕವಾದ ಫಲವೂ ಉಂಟು. 2012ರಲ್ಲಿ ಸಂಸತ್ತು ಒಪ್ಪಿದ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371ಜೆ ವಿಧಿಯು ಈ ಭಾಗದವರಿಗೆ ವಿದ್ಯಾಲಯಗಳಲ್ಲಿಯೂ ಸರಕಾರಿ ಉದ್ಯೋಗಗಳಲ್ಲಿಯೂ ಸ್ಥಾನಗಳನ್ನು ಮೀಸಲಿಡಲು ಅವಕಾಶ ಮಾಡಿದೆ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳಿಗೆ ಅದು ಇದ್ದೂ ಇಲ್ಲದಂತೆ.

‘ನಾಗರಿಕ ಹಕ್ಕು’ ಎಂಬ ಮಾತಿಗೆ ನಮ್ಮ ದೇಶದಲ್ಲಿ ಇನ್ನೊಂದು ನಿರ್ದಿಷ್ಟವಾದ ಅರ್ಥವುಂಟು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂದು ಹೆಸರು ಪಡೆಯಿತು. ಕೆರೆ, ಬಾವಿ, ನಳ, ಹೋಟೆಲು, ದೇವಸ್ಥಾನ ಇವುಗಳಲ್ಲಿ ಜಾತಿಯ ಕಾರಣದಿಂದ ಒಬ್ಬರನ್ನು ತಡೆಯುವುದು ಶಿಕ್ಷಾರ್ಹ. ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸಿದರೆ ಏನೂ ಬರುವುದಿಲ್ಲ. ಶಾಲೆಯ ನೀರಿನ ಕೊಡಕ್ಕೆ ಮೊದಲು ಕೈಯಿಡುವವರು ಯಾರು, ಊಟಕ್ಕೆ ಕುಳಿತಾಗ ಯಾರ ಪಕ್ಕದ ಸ್ಥಳವು ತೆರವಾಗಿ ಉಳಿಯುವುದು, ಎಂಬುದನ್ನು ಹುಡುಗಿಯರೇ ಒಂದು ವಾರ ಗಮನಿಸಿ ಬರೆದಿಡಲಿ. ಪಾಠವು ಅಲ್ಲಿ ಆರಂಭವಾಗುವುದು.

ಇನ್ನು ನಾಯಕತ್ವದ ವಿಷಯ. ಅಂದವಾದ ಅಕ್ಷರವೂ ಹೆಚ್ಚು ಅಂಕಗಳೂ ಇರುವವಳನ್ನು ಉಪಾಧ್ಯಾಯಿನಿಯರು ಮಾನಿಟರಳನ್ನಾಗಿ ನೇಮಿಸುವ ಪದ್ಧತಿ ಹಳೆಯದು. ಅವಳ ಕೆಲಸ ಗದ್ದಲ ಮಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುವುದು. ಇದನ್ನು ನಾಯಕತ್ವವೆನ್ನಲು ನಮಗೆ ಮನಸ್ಸು ಬರುವುದಿಲ್ಲ. ಶಾಲಾ ಸಂಸತ್ತು ಬಂದ ಮೇಲೆ ಚುನಾವಣೆಯೇನೋ ಬಂದಿತು. ಆದರೆ ಪ್ರಧಾನಮಂತ್ರಿ, ಆರೋಗ್ಯಮಂತ್ರಿ ಎಂಬ ದೊಡ್ಡ ಹೆಸರುಗಳನ್ನು ಧರಿಸಿದ ಬಾಲಿಕೆಯರಿಗೆ ಶೌಚಾಲಯದ ಬೀಗದ ಕೈಯ ಮೇಲೆಯೂ ಅಧಿಕಾರವಿಲ್ಲದಿದ್ದರೆ ಅದು ಕೇವಲ ವೇಷ. ಹೆಸರು ಚಿಕ್ಕದಿರಲಿ, ಕೆಲಸ ನಿಜವಾಗಿರಲಿ: ಪುಸ್ತಕಭಂಡಾರದ ಲೆಕ್ಕ, ನೀರಿನ ವ್ಯವಸ್ಥೆ, ಗೈರುಹಾಜರಾದವಳ ಮನೆಗೆ ಹೋಗಿ ವಿಚಾರಿಸುವುದು. ಆಯ್ಕೆಯಾದವಳು ತಿಂಗಳಿಗೊಮ್ಮೆ ಎಲ್ಲರೆದುರಿಗೆ ಲೆಕ್ಕ ಒಪ್ಪಿಸಲಿ; ಒಪ್ಪದವರು ಪ್ರಶ್ನೆ ಕೇಳಲಿ. ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸವು ಭಾಷಣದ ಅಭ್ಯಾಸಕ್ಕಿಂತ ದುರ್ಲಭವಾದುದು.

ಈ ಅಭ್ಯಾಸಕ್ಕೆ ಬೇಗನೆ ಸಂದರ್ಭ ಒದಗುವುದು. ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು 2010ರ ತಿದ್ದುಪಡಿಯಿಂದ ಸ್ತ್ರೀಯರಿಗೆ ಮೀಸಲು. ಇಪ್ಪತ್ತೊಂದು ತುಂಬಿದವರು ಚುನಾವಣೆಗೆ ನಿಲ್ಲಬಹುದು. ಹದಿನೈದು ವರ್ಷದ ಬಾಲಿಕೆಗೆ ಅದು ಕೇವಲ ಆರು ವರ್ಷದ ದೂರ. ಸಹಿ ಹೆಂಡತಿಯದು, ಮಾತು ಗಂಡನದು, ಎಂಬ ನಗೆಪಾಟಲು ಎಷ್ಟು ಕಡೆ ನಡೆದಿದೆಯೆಂಬುದನ್ನು ಎಲ್ಲರೂ ಬಲ್ಲರು. ಸಭೆಯಲ್ಲಿ ಒಮ್ಮೆಯೂ ಬಾಯಿ ತೆರೆಯದೆ ಬೆಳೆದವಳು ಒಂದೇ ದಿನದಲ್ಲಿ ಮಾತನಾಡಬಲ್ಲಳೆ?

ವರ್ಷಕ್ಕೊಮ್ಮೆ ನವೆಂಬರಿನ ಆಸುಪಾಸಿನಲ್ಲಿ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆಯನ್ನು ನಡೆಸುವ ಏರ್ಪಾಡು ನಮ್ಮ ರಾಜ್ಯದಲ್ಲಿ ಇದೆ. ಗಬ್ಬೂರಿನಲ್ಲಾಗಲಿ ಜಾಲಹಳ್ಳಿಯಲ್ಲಾಗಲಿ ಅಂಥ ಸಭೆ ಸೇರಿದಾಗ ನಮ್ಮ ಹುಡುಗಿಯರು ಸ್ವಾಗತಗೀತೆ ಹಾಡಿ ಕುಳಿತುಕೊಳ್ಳಬಾರದು. ಕಳೆದ ವರ್ಷ ಕೇಳಿದ ಬೇಡಿಕೆಯು ಏನಾಯಿತೆಂದು ಮೊದಲು ಕೇಳಬೇಕು. ಉತ್ತರವನ್ನು ನಡವಳಿಯ ಪುಸ್ತಕದಲ್ಲಿ ಬರೆಸಬೇಕು. ಅದೇ ತಿಂಗಳು ಹತ್ತಿಯ ಸುಗ್ಗಿಯೂ ಹೌದಾದುದರಿಂದ, ಹೆಚ್ಚು ಮಾತನಾಡಬೇಕಾದ ಬಾಲಿಕೆಯರೇ ಆ ದಿನ ಹೊಲದಲ್ಲಿರುವರು. ಪಂಚಾಯಿತಿಯ ಸದಸ್ಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಸಭೆಯನ್ನು ಸಂಜೆಯ ಹೊತ್ತಿಗೆ ಇಡಿಸಿ, ತಾವೂ ಬಂದು ಹುಡುಗಿಯರ ಬಳಿಯಲ್ಲಿ ಕುಳಿತುಕೊಳ್ಳಬೇಕೆಂದು ಬೇಡುತ್ತೇವೆ. ತಂದೆತಾಯಿಗಳು ಆ ಒಂದು ದಿನ ಮಗಳನ್ನು ಹೊಲದಿಂದ ಬೇಗ ಬಿಟ್ಟರೆ ಸಾಕು.