ಕೋತಿ ಎಳೆಯದ ಸರಪಳಿ

ಪರರ ನೋವಿಗೆ ಕಾರಣನಾದವನು ಆಶ್ರಯಿಸುವ ಹಳೆಯ ಮಾತೊಂದಿದೆ: 'ಪ್ರಕೃತಿಯೇ ಹಾಗಿದೆ.' ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುತ್ತದೆ, ಹುಲಿ ಜಿಂಕೆಯನ್ನು ಕೊಲ್ಲುತ್ತದೆ. ಮನುಷ್ಯನೂ ಪ್ರಾಣಿಯೇ ಆದುದರಿಂದ ಊಟದ ತಟ್ಟೆಯಲ್ಲಾಗಲಿ, ಅಂಗಡಿಯ ತಕ್ಕಡಿಯಲ್ಲಾಗಲಿ ಬಲ್ಲಿದನು ಬಡವನನ್ನು ನುಂಗುವುದು ಸಹಜವೆಂಬುದು ಈ ವಾದದ ಸಾರ. ಇದೇ ಮನುಷ್ಯನು ನೆರೆಯವನ ಕ್ರೌರ್ಯವನ್ನು ಕಂಡಾಗ 'ಮೃಗದಂತೆ ವರ್ತಿಸಿದ' ಎಂದು ಜರೆಯುತ್ತಾನೆ. ತನ್ನ ತಪ್ಪಿಗೆ ಮೃಗವನ್ನು ಸಾಕ್ಷಿಗೆ ಕರೆಯುವುದು, ಪರರ ತಪ್ಪಿಗೆ ಮೃಗವನ್ನು ಹಳಿಯುವುದು: ಎರಡರಲ್ಲಿಯೂ ಅನ್ಯಾಯಕ್ಕೆ ಗುರಿಯಾಗುವುದು ಮಾತು ಬಾರದ ಮೃಗವೇ.

ಸಾಕ್ಷಿಗೆ ಕರೆದ ಮೇಲೆ ಅದರ ಸಾಕ್ಷ್ಯವನ್ನು ಪೂರ್ತಿಯಾಗಿ ಕೇಳಬೇಕಾಗುತ್ತದೆ. 1964ರಲ್ಲಿ ಅಮೆರಿಕದ ಜೂಲ್ಸ್ ಮ್ಯಾಸರ್‌ಮನ್ ಮತ್ತು ಅವರ ಸಹೋದ್ಯೋಗಿಗಳು ರೀಸಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗದ ವರದಿ ಪ್ರಕಟವಾಯಿತು. ಸರಪಳಿಯನ್ನು ಎಳೆದರೆ ಕೋತಿಗೆ ಆಹಾರ ದೊರೆಯುತ್ತಿತ್ತು. ಅದೇ ಎಳೆತಕ್ಕೆ ಎದುರಿನ ಗೂಡಿನಲ್ಲಿದ್ದ ಮತ್ತೊಂದು ಕೋತಿಗೆ ವಿದ್ಯುದಾಘಾತವಾಗುತ್ತಿತ್ತು. ಇದನ್ನು ಕಂಡ ಹೆಚ್ಚಿನ ಕೋತಿಗಳು ಆ ಸರಪಳಿಯಿಂದ ದೂರ ಸರಿದವು. ಅವುಗಳಲ್ಲಿ ಒಂದು 5 ದಿನ, ಇನ್ನೊಂದು 12 ದಿನ ಯಾವ ಸರಪಳಿಯನ್ನೂ ಎಳೆಯದೆ ಹಸಿದೇ ಇದ್ದವು.

ಈ ಪ್ರಯೋಗದಿಂದ ಕೋತಿಯ ಸ್ವಭಾವ ತಿಳಿಯಿತೆನ್ನುವವರು ಬಹಳ. ಮನುಷ್ಯನ ಸ್ವಭಾವವೂ ತಿಳಿಯಿತೆನ್ನುವವರು ವಿರಳ. ಹಸಿದ ಕೋತಿ ತನ್ನ ಜಾತಿಯ ಜೀವಿಗೆ ನೋವು ಕೊಡಲು ಒಪ್ಪಲಿಲ್ಲ. ಹಸಿವಿಲ್ಲದ ಮನುಷ್ಯನು ಆ ನೋವಿಗೆ ತಂತಿ ಜೋಡಿಸಿ, ಲೆಕ್ಕ ಬರೆದುಕೊಂಡನು. ಪರೀಕ್ಷೆಗೆ ಒಳಗಾದವರು ಯಾರು?

ಹಾಗೆಂದು ಮೃಗಗಳೆಲ್ಲವೂ ಸಾಧುಗಳೆಂದು ಹೇಳುವುದೂ ಸತ್ಯಕ್ಕೆ ದೂರ. ಟಾಂಜಾನಿಯಾದ ಗೊಂಬೆ ಕಾಡಿನಲ್ಲಿ ಜೇನ್ ಗುಡಾಲ್ ಅವರ ತಂಡವು 1974ರಿಂದ 1978ರವರೆಗೆ ಕಂಡಂತೆ, ಚಿಂಪಾಂಜಿಗಳ ಒಂದು ಗುಂಪು ತನ್ನಿಂದಲೇ ಬೇರೆಯಾದ ಗುಂಪಿನ ಗಂಡುಗಳನ್ನು ಒಂದೊಂದಾಗಿ ಕೊಂದಿತು. ಪ್ರಾಣಿಲೋಕದಲ್ಲಿ ಕರುಣೆಯೂ ಇದೆ, ದ್ವೇಷವೂ ಇದೆ. ಜೈನ ದರ್ಶನಕ್ಕೆ ಇದು ಹೊಸ ಸಂಗತಿಯಲ್ಲ. ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಸಂಸಾರಿ ಜೀವಿಗಳೆಲ್ಲಕ್ಕೂ ಸಮಾನ. ಕಷಾಯ ಇರುವಲ್ಲಿ ಕ್ರೌರ್ಯವಿದೆ, ಅದು ಶಮಿಸಿದಲ್ಲಿ ದಯೆಯಿದೆ, ಶರೀರ ಯಾವುದಾದರೇನು?

ಆದುದರಿಂದಲೇ ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚ ಜೀವಿಯೂ ಐದನೆಯ ಗುಣಸ್ಥಾನವನ್ನು, ಎಂದರೆ ವ್ರತನಿಷ್ಠ ಶ್ರಾವಕನ ನೆಲೆಯನ್ನು, ಮುಟ್ಟಬಲ್ಲದೆಂದು ಶಾಸ್ತ್ರ ಒಪ್ಪಿದೆ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಮಹಾವೀರ ಸ್ವಾಮಿಯ ಜೀವವು ಹಿಂದಿನ ಒಂದು ಭವದಲ್ಲಿ ಸಿಂಹವಾಗಿತ್ತು. ಬೇಟೆಯಾಡಿದ ಜಿಂಕೆಯ ಮುಂದೆಯೇ ಚಾರಣ ಮುನಿಗಳ ಉಪದೇಶ ಕೇಳಿ ಅದು ವ್ರತ ಸ್ವೀಕರಿಸಿತು. ಮಾಂಸವೇ ಆಹಾರವಾದ ಸಿಂಹವು 'ಪ್ರಕೃತಿಯೇ ಹಾಗಿದೆ' ಎಂದು ವಾದಿಸಲಿಲ್ಲ. ಆ ವಾದವನ್ನು ಹೂಡುವುದು ಧಾನ್ಯ, ತರಕಾರಿಗಳೆಲ್ಲ ದೊರೆಯುವ ಮನುಷ್ಯನು ಮಾತ್ರ.

ಇಷ್ಟು ಹೇಳಿ ಮಾಂಸಾಹಾರಿಯತ್ತ ಬೆರಳು ತೋರಿ ಸುಮ್ಮನಾದರೆ ಜೈನ ಸಮಾಜಕ್ಕೆ ಹಿತವೆನಿಸೀತು, ಆದರೆ ನ್ಯಾಯವಾಗದು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮಿತಿಮೀರಿದ ಭಾರ ಹೇರುವುದೂ, ಅನ್ನಪಾನವನ್ನು ತಡೆಯುವುದೂ ಸೇರಿವೆ. ಇರುವೆಗೆ ಸಕ್ಕರೆ ಇಟ್ಟು, ಪಾರಿವಾಳಕ್ಕೆ ಕಾಳು ಚೆಲ್ಲಿ, ಗೋಶಾಲೆಗೆ ದೇಣಿಗೆಯ ರಸೀದಿ ಪಡೆಯುವ ಶ್ರಾವಕನು, ತನ್ನ ಮಳಿಗೆಯ ಹಮಾಲನ ಬೆನ್ನಿನ ಮೇಲೆ ಎಷ್ಟು ತೂಕವಿದೆಯೆಂದು ನೋಡಿದ್ದಾನೆಯೇ? ಗುಮಾಸ್ತನ ಸಂಬಳವನ್ನು ಎರಡು ತಿಂಗಳು ತಡೆದರೆ ಆ ಮನೆಯ ಮಕ್ಕಳ ಅನ್ನವನ್ನು ತಡೆದಂತಾಗದೇ? ಕಳ್ಳತೂಕ, ಕಲಬೆರಕೆಗಳನ್ನು ಅಚೌರ್ಯದ ಅತಿಚಾರಗಳೆಂದು ಪರ್ಯೂಷಣದಲ್ಲಿ ಕೇಳಿ, ಮರುದಿನ 'ಪೇಟೆಯ ನಡವಳಿಯೇ ಹಾಗಿದೆ' ಎನ್ನುವುದು ಹುಲಿ ಜಿಂಕೆಗಳ ವಾದದ ಇನ್ನೊಂದು ರೂಪವಲ್ಲವೇ?

ತಾನು ಉಣ್ಣುವಾಗ ಎದುರಿನ ಜೀವಿ ನೊಂದರೆ ಕೈ ಹಿಂದೆಗೆಯಬೇಕೆಂಬುದನ್ನು ಆ ಕೋತಿಗೆ ಯಾವ ಗುರುವೂ ಉಪದೇಶಿಸಿರಲಿಲ್ಲ. ಶ್ರಾವಕನಿಗೆ ಗುರುವಿದ್ದಾರೆ, ಶಾಸ್ತ್ರವಿದೆ, ವಿವೇಕವಿದೆ. ಪಂಚ ಮಹಾವ್ರತಗಳಿಗೆ ಅರ್ಹವಾದ ಏಕೈಕ ಭವವೂ ಅವನದೇ. ಲಾಭಕ್ಕಾಗಿ ಪ್ರತಿದಿನ ಅವನು ಎಳೆಯುವ ಸರಪಳಿಯ ಮತ್ತೊಂದು ತುದಿಯಲ್ಲಿ ಯಾರಿದ್ದಾರೆಂದು ಒಮ್ಮೆ ತಿರುಗಿ ನೋಡಲಿ. ನೋಡಿದ ಮೇಲೂ ಎಳೆಯುವವನು 'ಮೃಗದಂತೆ' ಎಂಬ ಬೈಗುಳಕ್ಕೂ ಅರ್ಹನಲ್ಲ.