ತೂಕ ಒಂದೇ, ಗಾತ್ರ ಎರಡು

ಭಾನುವಾರ ಫೋನಲ್ಲಿ ಅಮ್ಮ ಕೇಳಿದ್ರು: "ಲ್ಯಾಬಲ್ಲಿ ಅದೇನೋ ಅಳೀತೀಯಂತಲ್ಲೋ, ತಕ್ಕಡೀಲಾ?"

ತಕ್ಕಡಿ ಕೆಲಸ ಮಾಸ್ ಸ್ಪೆಕ್ಟ್ರೋಮೀಟರ್‌ದು ಅಮ್ಮಾ, ಅಂದೆ. ಪ್ರೋಟೀನನ್ನು ತುಂಡು ಮಾಡಿದಾಗ ಸಿಗೋದು ಪೆಪ್ಟೈಡ್. ಅದಕ್ಕೆ ಚಾರ್ಜ್ ಕೊಟ್ಟರೆ ಅಯಾನ್ ಆಗುತ್ತೆ, ಯಂತ್ರ ಅದನ್ನು ತೂಗುತ್ತೆ. ಆದರೆ ಅವೇ ಅಮೈನೋ ಆಮ್ಲಗಳು ಬೇರೆ ಕ್ರಮದಲ್ಲಿದ್ದರೂ ತೂಕ ಒಂದೇ. ಆಗ ಗಾತ್ರವನ್ನೂ ನೋಡಬೇಕು.

ಕೆ.ಆರ್. ಮಾರ್ಕೆಟ್ ನೆನಪಿಸಿಕೊಳ್ಳಿ. ಒಂದೇ ತೂಕದ ಇಬ್ಬರಲ್ಲಿ ಬ್ಯಾಗ್ ಅವಚಿಕೊಂಡವನು ಸರಸರ ನುಗ್ತಾನೆ. ಛತ್ರಿ ಬಿಚ್ಚಿದವನು ಎಲ್ಲರಿಗೂ ತಾಗುತ್ತಾ ಹಿಂದೆ ಉಳೀತಾನೆ. ಅಯಾನ್ ಮೊಬಿಲಿಟಿಯೂ ಹಾಗೇ. ಅನಿಲ ತುಂಬಿದ ಕೊಳವೆಯಲ್ಲಿ ವಿದ್ಯುತ್ ಕ್ಷೇತ್ರ ಅಯಾನನ್ನು ಎಳೆಯುತ್ತೆ, ಅನಿಲದ ಕಣಗಳು ಡಿಕ್ಕಿ ಹೊಡೆದು ತಡೆಯುತ್ತವೆ. ಮುದುಡಿದ್ದು ಬೇಗ ದಾಟುತ್ತೆ, ಹರಡಿಕೊಂಡದ್ದು ನಿಧಾನ. ಆ ಸಮಯದಿಂದ ಸಿಗೋ ಗಾತ್ರವೇ ಕೊಲಿಷನ್ ಕ್ರಾಸ್ ಸೆಕ್ಷನ್, ನಮ್ಮ ಬಾಯಲ್ಲಿ ಸಿಸಿಎಸ್. ಲೆಕ್ಕ ಚದರ ಆಂಗ್‌ಸ್ಟ್ರಾಮ್‌ನಲ್ಲಿ.

ಈಗ ಅಳೆಯೋ ಮೊದಲೇ ಊಹಿಸಬಹುದು. 2021ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಜೀವರಸಾಯನ ಸಂಸ್ಥೆಯ ಸಂಶೋಧಕರ ತಂಡ ಹತ್ತು ಲಕ್ಷಕ್ಕೂ ಹೆಚ್ಚು ಅಳತೆಗಳಿಂದ ಡೀಪ್ ಲರ್ನಿಂಗ್ ಮಾಡೆಲ್‌ಗೆ ಪಾಠ ಹೇಳಿತು. ಅಮೈನೋ ಆಮ್ಲಗಳ ಕ್ರಮ, ಚಾರ್ಜ್ ಕೊಟ್ಟರೆ ಸಾಕು, ಸಿಸಿಎಸ್ ಹೇಳುತ್ತೆ. ಹೆಚ್ಚಿನ ಸಲ ಶೇಕಡಾ ಒಂದೆರಡರಷ್ಟೇ ವ್ಯತ್ಯಾಸ.

ಆ ನಂಬಿಕೆಯಲ್ಲೇ ನಾನು ಎಡವಿದ್ದು. ಒಂದು ಪೆಪ್ಟೈಡ್‌ಗೆ ಎರಡು ಪೀಕ್ ಬಂತು. ಒಂದು ಊಹೆಗೆ ಸರಿಹೊಂದಿತು, ಇನ್ನೊಂದು ಇಲ್ಲ. ಮರುದಿನವೇ ರಿಪೋರ್ಟ್ ಕೊಡಬೇಕು. ಎರಡನೆಯದು ಕಸ ಅಂತ ಅಳಿಸಿಬಿಟ್ಟೆ.

ಮೇಡಂ ಮೂಲ ಡೇಟಾ ತೆಗೆದು ನೋಡಿದ್ರು. "ಇದನ್ನ ಯಾಕೆ ಅಳಿಸಿದೆ?"

"ಪ್ರೆಡಿಕ್ಷನ್‌ಗೆ ಮ್ಯಾಚ್ ಆಗ್ಲಿಲ್ಲ ಮೇಡಂ."

"ಮಾಡೆಲ್ ಕೊಡೋದು ಒಂದೇ ನಂಬರ್. ಪೆಪ್ಟೈಡ್‌ಗೆ ಒಂದೇ ಆಕಾರ ಇರ್ಬೇಕು ಅಂತ ರೂಲ್ಸ್ ಇದ್ಯಾ?"

ಮೂರು ಸಲ ಮತ್ತೆ ರನ್ ಮಾಡಿದೆ. ಮೂರರಲ್ಲೂ ಎರಡೂ ಪೀಕ್ ಇದ್ದವು. ಒಡೆದು ನೋಡಿದ್ರೆ ಎರಡರ ಚೂರುಗಳೂ ಒಂದೇ. ಪೆಪ್ಟೈಡ್‌ನ ನಡುವೆ ಪ್ರೋಲೀನ್ ಇತ್ತು. ಅದರ ಹಿಂದಿನ ಬಂಧ ಎರಡು ರೀತಿ ತಿರುಗಿ ನಿಲ್ಲಬಲ್ಲದು. ಅದಕ್ಕೇ ಎರಡು ಆಕಾರ ಇರಬೇಕು ಅಂದ್ರು ಮೇಡಂ. ರಿಪೋರ್ಟ್ ಎರಡು ದಿನ ತಡವಾಯ್ತು, ಬೈಸಿಕೊಂಡೆ. ಆದರೆ ಸುಳ್ಳು ರಿಪೋರ್ಟ್ ಹೋಗಲಿಲ್ಲ.

ಊಹೆಗೆ ಹೊಂದಲಿಲ್ಲ ಅಂತ ಏನನ್ನಾದ್ರೂ ಅಳಿಸೋ ಮುಂಚೆ ಇನ್ನೊಂದ್ಸಲ ಅಳೆದು ನೋಡಿ.

ಎಲ್ಲ ಕೇಳಿ ಅಮ್ಮ ಅಂದ್ರು: "ಅದರಲ್ಲೇನು ಆಶ್ಚರ್ಯ? ನೀನೂ ಊರಲ್ಲಿ ಒಂಥರಾ, ಬೆಂಗಳೂರಲ್ಲಿ ಒಂಥರಾ!"