ಅದೇ ವರದಿ: ನಮಗೆ ಹೌದು, ಅವರಿಗೆ ಇಲ್ಲ

ನವೆಂಬರ್ 1 ಬಂತು ಅಂದ್ರೆ ನಮ್ಮ ನಂದಿನಿ ಲೇಔಟ್‌ನಲ್ಲಿ ಹಳದಿ-ಕೆಂಪು ಬಾವುಟ ಕಟ್ಟದ ಆಟೋ ಸಿಗೋದು ಕಷ್ಟ. ಅದೇ ತಿಂಗಳ 15ಕ್ಕೆ ಇನ್ನೊಂದು ರಾಜ್ಯದ ಹುಟ್ಟುಹಬ್ಬವೂ ಇದೆ. ಅದು ಜಾರ್ಖಂಡ್. 2000ದಲ್ಲಿ, ಬಿರ್ಸಾ ಮುಂಡಾ ಜಯಂತಿಯ ದಿನವೇ ಬಿಹಾರದಿಂದ ಬೇರೆಯಾದ ನಾಡು. ಪಕ್ಕದ ಪೀಣ್ಯದ ಕಾರ್ಖಾನೆಗಳಲ್ಲಿ, ನಮ್ಮ ಸುತ್ತಮುತ್ತ ಏಳ್ತಿರೋ ಕಟ್ಟಡಗಳಲ್ಲಿ ದುಡಿಯೋ ಹುಡುಗರಲ್ಲಿ ಆ ಕಡೆಯವರೂ ಇದ್ದಾರೆ. ಹಿಂದಿ ಮಾತಾಡ್ತಾರೆ ಅಂತ ಎಲ್ಲರನ್ನೂ ಸೇರಿಸಿ "ಬಿಹಾರಿಗಳು" ಅಂದುಬಿಡೋದು ಇಲ್ಲಿ ರೂಢಿ. ಆ ಹೆಸರಿನಿಂದ ಹೊರಗೆ ಬರೋದಕ್ಕೇ ಅವರ ಹಿರಿಯರು ಅರವತ್ತು ವರ್ಷ ಹೋರಾಡಿದ್ದರು!

ಆ ಹೋರಾಟದ ಮೊದಲ ದೊಡ್ಡ ಹೆಸರು ಜೈಪಾಲ್ ಸಿಂಗ್ ಮುಂಡಾ. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಭಾರತ ಹಾಕಿಯ ಮೊದಲ ಒಲಿಂಪಿಕ್ ಚಿನ್ನ ಗೆದ್ದಿತಲ್ಲ, ಆ ತಂಡದ ನಾಯಕ ಇವರೇ. ಈಗಿನ ಖೂಂಟಿ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿ, ಕೈಗೆ ಬಂದ ಐಸಿಎಸ್ ಬಿಟ್ಟವರು. 1939ರಲ್ಲಿ ಆದಿವಾಸಿ ಮಹಾಸಭಾದ ಅಧ್ಯಕ್ಷರಾದರು. ಸಂವಿಧಾನ ಸಭೆಯಲ್ಲಿ ಎದ್ದು ನಿಂತು, ಆದಿವಾಸಿಗಳಿಗೆ ಪ್ರಜಾಪ್ರಭುತ್ವ ಕಲಿಸೋಕೆ ಹೋಗಬೇಡಿ, ಅವರಿಂದಲೇ ನೀವು ಕಲೀಬೇಕು ಎಂಬರ್ಥದ ಮಾತು ಆಡಿದರು. 1952ರ ಚುನಾವಣೆಯಲ್ಲಿ ಅವರ ಜಾರ್ಖಂಡ್ ಪಾರ್ಟಿ ಬಿಹಾರ ವಿಧಾನಸಭೆಯಲ್ಲಿ 30ಕ್ಕೂ ಹೆಚ್ಚು ಸ್ಥಾನ ಗೆದ್ದು ಮುಖ್ಯ ವಿರೋಧ ಪಕ್ಷವಾಯಿತು.

ಇಲ್ಲಿಗೆ ನಮ್ಮ ಕಥೆಯೂ ಬಂದು ಸೇರುತ್ತೆ. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್‌ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಿತು. ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದಾಗಲಿ ಅಂದಿತು, ಮರುವರ್ಷ ನಮ್ಮ ರಾಜ್ಯ ಬಂತು. ಜಾರ್ಖಂಡ್ ಮಾತ್ರ ಬೇಡ ಅಂದಿತು. ಆ ಪ್ರದೇಶದಲ್ಲಿ ಆದಿವಾಸಿಗಳು ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ, ಅವರಲ್ಲೂ ಹಲವು ಭಾಷೆ, ಗಣಿ-ಕೈಗಾರಿಕೆ ಇರೋ ದಕ್ಷಿಣ ಭಾಗ ಹೋದರೆ ಬಿಹಾರದ ಆರ್ಥಿಕತೆ ತೂಕ ತಪ್ಪುತ್ತೆ ಅನ್ನೋದು ಕಾರಣಗಳು. ನಮಗೆ ಒಂದು ಭಾಷೆ ಇತ್ತು, ಅದೇ ನಮ್ಮ ಬಲವಾಯ್ತು. ಅವರಿಗೆ ಸಂತಾಲಿ, ಮುಂಡಾರಿ, ಹೋ, ಕುಡುಖ್ ಎಲ್ಲ ಇದ್ದವು, ಅದೇ ತೊಡಕಾಯ್ತು. ಇದರಲ್ಲಿ ಕುಡುಖ್ ನಮ್ಮ ಹಾಗೇ ದ್ರಾವಿಡ ಭಾಷೆ ಕಣ್ರೀ. ನಮ್ಮ "ಕಣ್ಣು" ಅವರಲ್ಲಿ "ಖನ್".

1963ರಲ್ಲಿ ಜೈಪಾಲ್ ಸಿಂಗ್ ಪಕ್ಷವನ್ನು ಕಾಂಗ್ರೆಸ್‌ನಲ್ಲಿ ವಿಲೀನ ಮಾಡಿದರು. ನಂಬಿದ್ದ ಎಷ್ಟೋ ಜನಕ್ಕೆ ಕೈಬಿಟ್ಟ ಹಾಗಾಯ್ತು. ರಾಜ್ಯವನ್ನು ನೋಡದೆಯೇ ಅವರು 1970ರಲ್ಲಿ ತೀರಿಕೊಂಡರು.

ಬಿದ್ದ ಹೊರೆಯನ್ನು ಎತ್ತಿಕೊಂಡವರು ಶಿಬು ಸೊರೇನ್. ಶಾಲೆಗೆ ಹೋಗೋ ವಯಸ್ಸಿನಲ್ಲೇ ತಂದೆಯ ಕೊಲೆಯಾಗಿತ್ತು, ಅದರ ಹಿಂದೆ ಇದ್ದದ್ದು ಲೇವಾದೇವಿಯವರು. ಮುಂದೆ ಸೊರೇನ್, ಸಾಲ ಕೊಟ್ಟವರು ಹೊಡೆದುಕೊಂಡಿದ್ದ ಗದ್ದೆಗಳಿಗೆ ಜನರನ್ನು ಇಳಿಸಿ ಭತ್ತ ಕೊಯ್ಯಿಸಿದರು. 70ರ ದಶಕದ ಮೊದಲಲ್ಲಿ ಕುರ್ಮಿ ರೈತರ ಮುಖಂಡ ವಿನೋದ್ ಬಿಹಾರಿ ಮಹತೋ, ಧನ್‌ಬಾದ್‌ನ ಗಣಿ ಕಾರ್ಮಿಕರ ನಾಯಕ ಎ.ಕೆ. ರಾಯ್ ಜೊತೆ ಸೇರಿ ಜಾರ್ಖಂಡ್ ಮುಕ್ತಿ ಮೋರ್ಚಾ ಕಟ್ಟಿದರು. "ನೀವು ಮೂರನೇ ಒಂದು ಪಾಲು" ಅಂದ ಆಯೋಗಕ್ಕೆ ಇದಕ್ಕಿಂತ ಒಳ್ಳೆ ಉತ್ತರ ಯಾವುದಿದೆ? ಭಾಷೆ ಬೇರೆ ಇರಲಿ, ಬುಡಕಟ್ಟು ಬೇರೆ ಇರಲಿ, ಭೂಮಿ ಕಳಕೊಂಡ ಕಷ್ಟ ಒಂದೇ ಅಂತ ತೋರಿಸಿದರು. 1995ರಲ್ಲಿ ಸ್ವಾಯತ್ತ ಮಂಡಳಿ ಬಂತು, ಐದು ವರ್ಷಕ್ಕೆ ರಾಜ್ಯವೂ ಬಂತು. ಆದರೆ ಮೊದಲ ಮುಖ್ಯಮಂತ್ರಿ ಆದದ್ದು ಬಿಜೆಪಿಯ ಬಾಬುಲಾಲ್ ಮರಾಂಡಿ. "ದಿಶೋಮ್ ಗುರು" ಅಂತ ಜನ ಕರೀತಿದ್ದ ಸೊರೇನ್ ಆಮೇಲೆ ಮೂರು ಸಲ ಮುಖ್ಯಮಂತ್ರಿಯಾದರೂ ಒಮ್ಮೆಯೂ ಅವಧಿ ಪೂರೈಸಲಿಲ್ಲ. 2025ರ ಆಗಸ್ಟ್ 4ರಂದು ತೀರಿಕೊಂಡರು.

ಕೇಳಿದ್ದೆಲ್ಲ ಅವರಿಗೆ ಸಿಗಲಿಲ್ಲ. ಒಡಿಶಾದ ಮಯೂರ್‌ಭಂಜ್, ಬಂಗಾಳದ ಪುರುಲಿಯಾ ಇವೆಲ್ಲ ಆ ಕನಸಿನ ನಕ್ಷೆಯಲ್ಲಿದ್ದವು, ರಾಜ್ಯದೊಳಗೆ ಬರಲಿಲ್ಲ. ಆ ನೋವು ಎಂಥದ್ದು ಅಂತ ಕಾಸರಗೋಡನ್ನು ಆಚೆ ಬಿಟ್ಟುಬಂದ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.